ಹಾರ್ಡ್‌ಡಿಸ್ಕಿನಲ್ಲಿದ್ದ ಹೆಸರುಗಳು

ಸವಿತಾ, ನಿನ್ನ ಅಪ್ಪನ ಹಾರ್ಡ್‌ಡಿಸ್ಕಿನಲ್ಲಿದ್ದ ಹೆಸರುಗಳನ್ನು ಅಳಿಸಿದ್ದು ನೀನಲ್ಲ, ನಾನು. ಆ ತಪ್ಪನ್ನು ನಿನ್ನ ತಲೆಗೆ ಕಟ್ಟಿದವನೂ ನಾನೇ. ಕಟ್ಟಿ, ಹನ್ನೊಂದು ವರ್ಷ ಏನೂ ಅರಿಯದವನಂತೆ ಓಡಾಡಿಕೊಂಡಿದ್ದೆ.

ನನ್ನನ್ನು ನೀನು ಮರೆತಿರಲಾರೆ — ಕೆ.ಆರ್. ಪೇಟೆಯ ಮೈಕ್‌ಸೆಟ್ ಶಿವಣ್ಣ. ನಿಮ್ಮ ಮನೆಯಲ್ಲಿ ಉಂಡವನು, ನಿನ್ನ ಕೈಯಿಂದಲೇ ನೀರು ಇಸಿದುಕೊಂಡು ಕುಡಿದವನು. ಅದನ್ನು ನೆನೆದರೆ ನನ್ನ ಮೇಲೇ ಮೈ ಉರಿಯುತ್ತದೆ.

ನಿನ್ನ ಅಪ್ಪ ಪುಟ್ಟರಾಜಣ್ಣ ಆಗ ದೇವಲಾಪುರದಲ್ಲಿ ಹಾಲಿನ ಡೈರಿ ಸೆಕ್ರೆಟರಿ. ಬಿಡುವಾದಾಗಲೆಲ್ಲ ಟೇಪ್‌ರೆಕಾರ್ಡರ್ ಹೆಗಲಿಗೆ ಹಾಕಿಕೊಂಡು ನಾಗಮಂಗಲದ ಕಡೆಯ ಊರೂರು ಸುತ್ತಿ, ಮದುವೆಮನೆಗಳಲ್ಲಿ ಸೋಬಾನೆ ಹೇಳುವ ಹೆಂಗಸರನ್ನು ಕೂರಿಸಿಕೊಂಡು ಹಾಡಿಸಿಕೊಂಡು ಬಂದಿದ್ದರು. ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯತೊಡಗಿದಾಗ ಅಷ್ಟನ್ನೂ ಕಂಪ್ಯೂಟರಿಗೆ ಇಳಿಸಿ ಹಾರ್ಡ್‌ಡಿಸ್ಕಿಗೆ ತುಂಬಿದವಳು ನೀನು, ಪಿಯುಸಿ ಓದುತ್ತಿದ್ದ ಹುಡುಗಿ. ಊರಿಗೊಂದು ಫೋಲ್ಡರ್. ಒಂದೊಂದು ಹಾಡಿನ ಫೈಲಿಗೂ ಹೆಸರಾಗಿ ನೀನು ಕನ್ನಡದಲ್ಲೇ ಟೈಪು ಮಾಡಿದ್ದೆ — ಹಾಡಿನ ಮೊದಲ ಮಾತು, ಹಾಡಿದವರ ಹೆಸರು, ಅವರು ಯಾರಿಂದ ಕಲಿತರು ಎಂಬುದು. ಚೀಟಿ ಕಿತ್ತುಹೋದ ಕ್ಯಾಸೆಟ್ಟುಗಳಿಗಾಗಿ ಆ ಅಜ್ಜಿಯರ ಮನೆ ಬಾಗಿಲಿಗೇ ಹೋಗಿ ಕೇಳಿ ಬರೆದುಕೊಂಡು ಬಂದಿದ್ದೆ. ಎರಡು ಬೇಸಿಗೆ ರಜೆ ನಿನಗೆ ಅದರಲ್ಲೇ ಕಳೆದವು.

ನಾನು ಹೋಗಿ ಡಿಸ್ಕ್ ಕೇಳಿದಾಗ ಅಣ್ಣ ಎರಡು ಮಾತಾಡದೆ ಕೊಟ್ಟರು. ಹಾಡು ಹತ್ತು ಕಡೆ ಇದ್ದರೆ ಉಳಿಯುತ್ತದೆ, ಯಾರು ಕೇಳಿದರೂ ಕೊಡು ಅಂದರು. ಒಂದೇ ಷರತ್ತು ಹಾಕಿದರು: “ಆಡ್ದೋರ ಎಸ್ರು ಮಾತ್ರ ಕೀಳ್ಬ್ಯಾಡ ಕಣ್ಲಾ.”

ಇಷ್ಟೇ. ಇದಕ್ಕಿಂತ ಸಲೀಸಾದ ಷರತ್ತು ಇದೆಯೇ?

ಮೈಕ್‌ಸೆಟ್ಟಿನ ಪ್ಲೇಯರಿನಲ್ಲಿ ಒಂದು ಪುಟ್ಟ ಪರದೆ ಇರುತ್ತದೆ. ಅದಕ್ಕೆ ಕನ್ನಡ ಬರದು. ನೀನು ಬರೆದ ಹೆಸರೆಲ್ಲ ಅದರಲ್ಲಿ ಬರೀ ಚೌಕ ಚೌಕವಾಗಿ ಕಂಡವು. ಮಾರನೆಯ ದಿನ ಮದುವೆ ಇತ್ತು. ಅರಿಶಿನದ ಹೊತ್ತಿಗೆ ಧಾರೆಯ ಹಾಡು ಹಾಕಿದರೆ ಹೆಂಗಸರು ಸುಮ್ಮನೆ ಬಿಡುತ್ತಾರೆಯೇ? ಹಾಡುಗಳಿಗೆ ನಂಬರ್ ಕೊಡುವ ಸಾಫ್ಟ್‌ವೇರ್ ಒಂದಿತ್ತು. ಮೊದಲು ಕಾಪಿ ಮಾಡಿಕೊಳ್ಳಬೇಕಿತ್ತು, ಮಾಡಲಿಲ್ಲ — ನಿಮ್ಮ ಡಿಸ್ಕಿನಲ್ಲೇ ಓಡಿಸಿದೆ. ಎಲ್ಲ ಊರುಗಳನ್ನೂ ಒಂದೇ ಫೋಲ್ಡರಿಗೆ ಸುರಿದು, ನೀನು ಬರೆದಿದ್ದರ ಜಾಗದಲ್ಲಿ ಒಂದರಿಂದ ಶುರು ಮಾಡಿ ನಂಬರ್ ಹಾಕಿಬಿಟ್ಟೆ. ಕಣ್ಣು ಮಿಟುಕಿಸುವಷ್ಟರಲ್ಲಿ ನಿನ್ನ ಎರಡು ಬೇಸಿಗೆ ಹೋಯಿತು.

ಅಷ್ಟೇ ಆಗಿದ್ದರೆ ಗೊತ್ತಾಗದೆ ಆದ ಎಡವಟ್ಟು ಅನ್ನಬಹುದಿತ್ತು. ಆದರೆ ಅದಕ್ಕೂ ಮೊದಲು ಕೂತು ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿಕೊಂಡಿದ್ದೆ — ಅರಿಶಿನಕ್ಕೆ ಯಾವ ಹಾಡು, ಹಸೆಗೆ ಯಾವುದು, ಹೆಣ್ಣು ಒಪ್ಪಿಸುವಾಗ ಯಾವುದು ಎಂದು. ಹಾಡಿದವರ ಹೆಸರು ಬರೆದುಕೊಳ್ಳಲಿಲ್ಲ. ಪಕ್ಕದಲ್ಲೇ ಇತ್ತು, ಕಣ್ಣಿಗೆ ಕಾಣುತ್ತಿತ್ತು — ಬೇಕು ಅನ್ನಿಸಲೇ ಇಲ್ಲ. ನನ್ನ ಹೆಸರನ್ನು ಮಾತ್ರ ಸ್ಪೀಕರ್ ಡಬ್ಬಗಳ ಮೇಲೆಲ್ಲ ದಪ್ಪ ಅಕ್ಷರದಲ್ಲಿ ಬರೆಸಿಕೊಂಡಿದ್ದೇನೆ!

ಡಿಸ್ಕ್ ವಾಪಸ್ ಕೊಟ್ಟ ವಾರಕ್ಕೆ ಅಣ್ಣನ ಫೋನು ಬಂತು. ಬರೀ ನಂಬರ್ ಕಾಣುತ್ತಿದೆ, ಏನಾಯಿತು ಎಂದು ಕೇಳಿದರು. ಗದರಲಿಲ್ಲ. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ನಾನು ಹೇಳಿದ್ದು ಇದು: “ನಾನ್ ಕೊಟ್ಟಾಗ ಸರ್ಯಾಗೇ ಇತ್ತಲ್ಲಣ್ಣ. ನಿಮ್ಮನೇಲೇ ಯಾರೋ ಮುಟ್ಟವ್ರೆ ನೋಡು.”

ನಿಮ್ಮ ಮನೆಯಲ್ಲಿ ಕಂಪ್ಯೂಟರ್ ಮುಟ್ಟುತ್ತಿದ್ದವಳು ನೀನೊಬ್ಬಳೇ. ಅದು ಗೊತ್ತಿದ್ದೇ ಹೇಳಿದೆ.

ಕ್ಯಾಸೆಟ್ಟುಗಳು ಅಷ್ಟರಲ್ಲಿ ಗುಜರಿಗೆ ಹೋಗಿದ್ದವು. ನೀನು ಅತ್ತು ಹೇಳಿದರೂ ಅಣ್ಣ ನಂಬಲಿಲ್ಲವಂತೆ. ಕಂಪ್ಯೂಟರ್ ಕೋರ್ಸಿಗೆ ಅರ್ಜಿ ತಂದಿಟ್ಟುಕೊಂಡಿದ್ದೆಯಂತೆ. ಇದ್ದುದನ್ನೇ ಹಾಳು ಮಾಡಿದವಳು ಅಲ್ಲಿ ಹೋಗಿ ಏನು ಕಲೀತೀಯ ಎಂದು ಅದನ್ನು ಮಡಚಿಟ್ಟರಂತೆ. ಇದನ್ನು ನಿನ್ನ ಅಮ್ಮನೇ ನನ್ನೆದುರು ಹೇಳಿ ಕಣ್ಣೊರೆಸಿಕೊಂಡರು. ನಾನು ಅಯ್ಯೋ ಪಾಪ ಅಂದೆ. ಅಂದು, ಮಜ್ಜಿಗೆ ಕುಡಿದು ಎದ್ದು ಬಂದೆ.

ಡಿಸ್ಕಿನಿಂದ ನಾನು ಇಳಿಸಿಕೊಂಡ ಹಾಡುಗಳನ್ನು ಪಾಂಡವಪುರ, ಶ್ರೀರಂಗಪಟ್ಟಣದ ಮೈಕಿನವರಿಗೆಲ್ಲ ಪೆನ್‌ಡ್ರೈವಿನಲ್ಲಿ ಹಂಚಿದೆ. ಈಗ ಅವು ಎಲ್ಲರ ಮೊಬೈಲಿನಲ್ಲಿವೆ. ಯಾರ ಹಾಡು ಎಂದರೆ, ಯಾರದಾದರೇನು ಬಿಡಿ ಅನ್ನುತ್ತಾರೆ. ಒಂದು ಸಮಾರಂಭದಲ್ಲಿ ದೊಡ್ಡವರೊಬ್ಬರು ನನ್ನದೇ ಮೈಕ್ ಹಿಡಿದು, ಜನಪದರಿಗೆ ಹೆಸರಿನ ಹಂಗಿಲ್ಲ ಎಂದರು; ಜನ ಚಪ್ಪಾಳೆ ತಟ್ಟಿದರು. ಎದ್ದು ವೈರು ಕಿತ್ತು ಎಸೆಯಬೇಕು ಅನ್ನಿಸುವಷ್ಟು ಸಿಟ್ಟು ಬಂತು. ಹಂಗಿಲ್ಲವಂತೆ! ಅವರಿಗೆಲ್ಲ ಹೆಸರಿತ್ತು ಸ್ವಾಮಿ, ಒಬ್ಬ ಹುಡುಗಿ ಕೂತು ಟೈಪು ಮಾಡಿದ್ದಳು — ಆದರೆ ಹಾಗೆ ಕೂಗಲು ನನಗೆಲ್ಲಿದೆ ಮುಖ?

ಹೋದ ತಿಂಗಳು ಪಾಂಡವಪುರದ ಛತ್ರದಲ್ಲಿ ಒಂದು ಬೀಗರೂಟ. ಹಾಡು ಹಾಕಿ ಕೂತಿದ್ದೆ. ಉಂಡು ಎದ್ದ ಅಜ್ಜಿಯೊಬ್ಬರು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು ನನ್ನ ಮೇಜಿನ ಮುಂದೆ ನಿಂತರು.

“ಇದು ನನ್ ಗಂಟ್ಲು ಕಣಪ್ಪ. ಎಸ್ರು ಯಾಕ್ ಯೇಳ್ನಿಲ್ಲ ನೀನು?”

ನಿಮ್ಮ ಹೆಸರೇನಜ್ಜಿ ಎಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಡೈರಿ ಸೆಕ್ರೆಟ್ರಿ ಮಗ್ಳು ಮನೆಗಂಟ ಬಂದು ಬರ್ಕೊಂಡೋಗವ್ಳೆ. ಅವ್ಳನ್ನೇ ಕೇಳೋಗು.”

ಹೇಳದೆಯೇ ಹೊರಟುಹೋದರು. ಸರಿಯಾಗಿಯೇ ಮಾಡಿದರು.

ನಿನ್ನೆ ದೇವಲಾಪುರಕ್ಕೆ ಹೋದೆ. ನಿನ್ನ ಅಪ್ಪ ಜಗಲಿಯ ಮೇಲಿದ್ದರು. ಕೊರಳು ಕೇಳಿದರೆ ಸಾಕು, ಇದು ಇಂಥವಳದು ಎಂದು ಅವರು ಗುರುತು ಹಿಡಿದಾರು ಎಂಬ ಆಸೆ ಒಳಗೆಲ್ಲೋ ಇತ್ತು. ಅವರ ಕಿವಿ ಹೋಗಿದೆಯೆಂದು ನನಗೆ ಗೊತ್ತಿರಲಿಲ್ಲ. ಪಕ್ಕ ಕೂತು ಮೆಲ್ಲಗೆ ಹೇಳಿದೆ, ಕೇಳಿಸಲಿಲ್ಲ. ಕಿವಿಗೆ ಕೈ ಹಿಡಿದು, “ಜೋರಾಗ್ ಯೇಳ್ಲಾ” ಅಂದರು. ಊರಿಗೆಲ್ಲ ಕೇಳಿಸುವುದೇ ನನ್ನ ಕಸುಬು. ಕೂಗಿ ಹೇಳಿದೆ. ಹೆಸರು ಅಳಿಸಿದ್ದು ನಾನು, ಸುಳ್ಳು ಹೇಳಿದ್ದು ನಾನು, ಸವಿತಾ ಏನೂ ಮಾಡಿಲ್ಲ — ಎರಡು ಸಲ. ಎದುರು ಮನೆಯವರು ಹೊರಗೆ ಬಂದು ನಿಂತರು.

ಅಣ್ಣ ಕೇಳಿದ್ದು ಒಂದೇ ಮಾತು: “ನನ್ ಮಗೀಗೆ ಯೇಳ್ದಾ?”

ಇಲ್ಲ ಅಂದೆ. ಅವರು ಮುಖ ತಿರುಗಿಸಿದರು.

ಅದಕ್ಕೇ ಇದನ್ನು ಬರೆದೆ. ಕಾಗದದಲ್ಲಿ ಹೇಳಿದರೆ ಮುಗಿಯುವುದಿಲ್ಲವೆಂದೂ ಬಲ್ಲೆ. ಭಾನುವಾರ ಗಂಜಾಮಿಗೆ, ನಿನ್ನ ಗಂಡನ ಮನೆಗೆ ಬರುತ್ತೇನೆ. ಆ ಅಜ್ಜಿಯರ ಹೆಸರು ಕೇಳುವುದಕ್ಕಲ್ಲ, ಆ ಯೋಗ್ಯತೆ ನನಗಿಲ್ಲ. ನಿನ್ನ ಅತ್ತೆ ಮಾವನ ಎದುರಿಗೂ ಹೇಳುತ್ತೇನೆ. ಬಾಗಿಲು ತೆಗೆಯಲು ಮನಸ್ಸಾಗದಿದ್ದರೆ ತೆಗೆಯಬೇಡ. ಬೀದಿಯಲ್ಲೇ ನಿಂತು ಹೇಳುತ್ತೇನೆ — ಜೋರಾಗಿ, ಮೈಕ್ ಇಲ್ಲದೆ.