ಸೈಪ್ರಸ್ಸಿನ ಕೆಸುವಿನ ಗಡ್ಡೆ

ಸೈಪ್ರಸ್ ಎಂಬ ದೇಶದ ಬಗ್ಗೆ ನನಗೆ ಗೊತ್ತಿರುವುದೆಲ್ಲ ಠಾಣೆ ಜಿಲ್ಲೆಯ ಘಣಸೋಲಿಯ ಒಂದು ಫ್ಲ್ಯಾಟಿನಲ್ಲಿ ಚಾಪೆ ಮೇಲೆ ಕೂತು ಕೇಳಿದ್ದು. ಕಲಿಯಲಿಕ್ಕೆ ಹೋದದ್ದಲ್ಲ, ಕಾವಲಿಗೆ ಹೋದದ್ದು. ನನ್ನ ಸೊಸೆ ಆ ದೇಶಕ್ಕೆ ಮನೆಗೆಲಸಕ್ಕೆ ಹೋಗುತ್ತೇನೆಂದು ಹಟ ಹಿಡಿದು, ಅದಕ್ಕೆ ತಯಾರಿ ಮಾಡಿಸುವ ಕ್ಲಾಸಿಗೆ ಸೇರಿದ್ದಳು. ಮಗ ನನಗೆ ಹೇಳಿದ, "ಕ್ಲಾಸು ಗೀಸು ಎಲ್ಲ ನಾಟಕ. ಎಲ್ಲಿ ಹೋಗ್ತಾಳೆ, ಯಾರ ಹತ್ರ ಮಾತಾಡ್ತಾಳೆ, ನೋಡ್ಕೊಂಡು ಬಾ." ಹೇಳಿದವನು ವಾರದಲ್ಲಿ ಅರ್ಧಕ್ಕರ್ಧ ಠಾಕುರ್ಲಿಯಲ್ಲಿ ಇನ್ನೊಬ್ಬಳ ಮನೆಯಲ್ಲಿ ಮಲಗುವವನು. ಕೋಪರಿಯ ನಮ್ಮ ಚಾಳಿನಲ್ಲಿ ಅದು ಗೊತ್ತಿಲ್ಲದವರು ಮೊಲೆ ಕುಡಿಯುವ ಮಕ್ಕಳು ಮಾತ್ರ.

ಸೊಸೆಗೆ ಮಕ್ಕಳಾಗಲಿಲ್ಲ. ಅದನ್ನು ಅವನು ದಿನಾ ಊಟಕ್ಕೆ ಕೂತಾಗ ಹೇಳುತ್ತಿದ್ದ, ಉಪ್ಪು ಕೇಳಿದ ಹಾಗೆ. ಅವಳ ಅಣ್ಣಂದಿರು ಊರಿಗೆ ಬರಬೇಡ ಎಂದು ಫೋನಿನಲ್ಲೇ ಮುಗಿಸಿದ್ದರು. ಕೆಲಸ ಸಿಕ್ಕಿದರೆ ಅವಳು ಹೊರಗೆ. ಸಿಗದಿದ್ದರೆ ನಮ್ಮ ಖೋಲಿಯಲ್ಲೇ, ಸಾಯುವವರೆಗೆ.

ಕ್ಲಾಸು ನಡೆಸುವವಳು ನಮ್ಮ ಉಡುಪಿ ಕಡೆಯವಳೇ. ಆ ದೇಶದಲ್ಲಿ ಮುದುಕ ಮುದುಕಿಯರ ಚಾಕರಿ ಮಾಡಿ ಬಂದು ಫ್ಲ್ಯಾಟು ಮಾಡಿಕೊಂಡಿದ್ದಳು. ಎಲ್ಲರೂ ಮೇಡಂ ಅನ್ನಬೇಕು. ಆಗ ಅವಳ ಹತ್ತಿರ ಇದ್ದದ್ದು ಇಬ್ಬರೇ, ನನ್ನ ಸೊಸೆ ಮತ್ತು ಕಲಬುರಗಿ ಕಡೆಯ ಒಬ್ಬಳು ಹುಡುಗಿ. ಇದ್ದ ಕೆಲಸ ಮಾತ್ರ ಒಂದೇ, ಸಿಗುವುದು ಒಬ್ಬಳಿಗೆ.

"ಅಲ್ಲಿ ಹೋಗಿ ಇದು ಯಾವ ದೇಶ ಅಂತ ಕೇಳಿದ್ರೆ ಮಾರನೆ ದಿನ ವಾಪಸ್ ವಿಮಾನ" ಎಂದು ಶುರುಮಾಡಿದಳು.

ಸುತ್ತ ಸಮುದ್ರ, ಮೇಲೆ ಟರ್ಕಿ. ನೆಲದಲ್ಲಿ ತಾಮ್ರ ಇತ್ತಂತೆ, ಹಾಗಾಗಿ ದೋಣಿ ಇದ್ದವರೆಲ್ಲ ಬಂದರು. ಗ್ರೀಕರು ಬಂದರು, ರೋಮಿನವರು ಬಂದರು. ಒಬ್ಬ ಇಂಗ್ಲಿಷ್ ರಾಜ ಬೇರೆಲ್ಲಿಗೋ ಯುದ್ಧಕ್ಕೆ ಹೋಗುವ ದಾರಿಯಲ್ಲಿ ದ್ವೀಪವನ್ನು ಹಿಡಿದು, ಮಾರಿಯೇ ಬಿಟ್ಟನಂತೆ, ಜನ ಸಮೇತ. ಆಮೇಲೆ ವೆನಿಸ್ಸಿನವರು, ಟರ್ಕಿಯವರು, ಮತ್ತೆ ಇಂಗ್ಲಿಷರು. ಅವರು ಹೋದ ಮೇಲೆ ಒಳಗಿನವರೇ ಹೊಡೆದಾಡಿದರು, ಟರ್ಕಿಯ ಸೈನ್ಯ ಇಳಿಯಿತು, ನಡುವೆ ತಂತಿ ಬೇಲಿ ಬಿತ್ತು. ದೊಡ್ಡ ಪಟ್ಟಣವೇ ಎರಡು ಹೋಳು, ಆಚೆ ಟರ್ಕಿಯವರು, ಕೆಲಸ ಕೊಡುವ ಗ್ರೀಕರು ಈಚೆ. ಜನ ಒಲೆ ಮೇಲಿನ ಅಡಿಗೆ ಬಿಟ್ಟು, ಬಾಗಿಲಿಗೆ ಬೀಗ ಹಾಕಿ ಓಡಿದ್ದು. ಮುದುಕಿಯರು ಈಗಲೂ ಆ ಬೀಗದ ಕೈ ಇಟ್ಟುಕೊಂಡಿದ್ದಾರೆ, ತೆಗೆದು ನೋಡಿ ಅಳುತ್ತಾರೆ.

"ಅತ್ತರೆ ಕಾಫಿ ಮಾಡಿ ಕೊಡಿ. ನೀವು ಅಳಬೇಡಿ, ಅದಕ್ಕೆ ಪಗಾರ ಇಲ್ಲ" ಎಂದಳು ಮೇಡಂ. "ಆ ಕಾಫಿಗೆ ಟರ್ಕಿ ಕಾಫಿ ಅಂತ ಹೇಳ್ಬೇಡಿ. ಪುಡಿ ಅದೇ, ಪಾತ್ರೆ ಅದೇ. ಆದ್ರೂ ಹೇಳ್ಬೇಡಿ."

ಕಲಬುರಗಿಯವಳು ಕೇಳಿದಳು, "ಮೇಡಂ, ಆ ತಂತಿ ದಾಟಿದ್ರ ಏನ್ ಮಾಡ್ತಾರ್ರಿ?"

"ಎಂತ ಮಾಡುದಿಲ್ಲ. ಪಾಸ್‌ಪೋರ್ಟ್ ತೋರಿಸಿದ್ರೆ ಬಿಡ್ತಾರೆ. ನಿನ್ನ ಪಾಸ್‌ಪೋರ್ಟ್ ಯಜಮಾನ್ತಿ ಕಪಾಟಿನಲ್ಲಿ ಇರ್ತದಲ್ಲ, ಅದನ್ನು ಮೊದಲು ದಾಟು."

ತಿಂಡಿ ತೀರ್ಥದ್ದೂ ಕೇಳಿದೆ. ಕುರಿ ಆಡಿನ ಹಾಲಿನ ಒಂದು ಚೀಸು, ಹುರಿದರೆ ಕರಗುವುದಿಲ್ಲ, ಹಲ್ಲಿಗೆ ಸಿಕ್ಕಿದರೆ ಕಿರುಗುಟ್ಟುತ್ತದೆ. ಕಳ್ಳರ ಮಾಂಸ ಅಂತ ಒಂದು: ಹಿಂದೆ ಕಳ್ಳರು ಕುರಿ ಕದ್ದು, ಹೊಗೆ ಕಾಣದ ಹಾಗೆ ಗುಂಡಿಯಲ್ಲಿ ಮುಚ್ಚಿ ಬೇಯಿಸುತ್ತಿದ್ದರಂತೆ. ಈಗ ಮರ್ಯಾದಸ್ಥರು ಆದಿತ್ಯವಾರ ತಿನ್ನುತ್ತಾರೆ. ದ್ರಾಕ್ಷಿ ಎಲೆಯಲ್ಲಿ ಅಕ್ಕಿ, ಮಾಂಸ ಸುತ್ತಿ ಬೇಯಿಸುತ್ತಾರೆ ಎಂದಾಗ ಸೊಸೆ, "ನಮ್ಮ ಪತ್ರೊಡೆ ಹಾಗೆ" ಎಂದಳು. "ಪತ್ರೊಡೆ ಅಂತ ಅಲ್ಲಿ ಬಾಯಿ ಬಿಟ್ರೆ ಕಪಾಳಕ್ಕೆ ಬೀಳ್ತದೆ" ಎಂದಳು ಮೇಡಂ.

ಆದರೆ ಕೆಸುವಿನ ಗಡ್ಡೆ ಅವರಲ್ಲೂ ಉಂಟು. ಹಂದಿ ಮಾಂಸದ ಜೊತೆ ಬೇಯಿಸಿ, ಟೊಮೇಟೊ, ನಿಂಬೆಹುಳಿ ಹಾಕುತ್ತಾರೆ. ಸಿಪ್ಪೆ ತೆಗೆದ ಮೇಲೆ ನೀರು ಮುಟ್ಟಿಸಬಾರದು, ಲೋಳೆ ಬಿಡುತ್ತದೆ. ಕತ್ತಿಯಲ್ಲಿ ಪೂರ್ತಿ ಕೊಯ್ಯಬಾರದು. ಅರ್ಧ ಕೊಯ್ದು, ತಿರುಚಿ ಮುರಿಯಬೇಕು. ಕೆಲಸ ಕೊಡುವವಳು ಫೋನಿನ ವಿಡಿಯೋದಲ್ಲಿ ಇದನ್ನೇ ಮಾಡಿಸಿ ನೋಡುವುದು. ಗಡ್ಡೆ ಅಂಗೈ ಅಗಲ ಇರಬೇಕು ಎಂದು ಮೇಡಂ ಹೇಳಿದಳು.

ಠಾಣೆ ಮಾರ್ಕೆಟ್ಟಿನಲ್ಲಿ ಸಿಕ್ಕಿದ್ದೆಲ್ಲ ಹೆಬ್ಬೆರಳಿನಷ್ಟು. ಚಾಳಿನ ಹಿಂದೆ, ಗಟಾರದ ಪಕ್ಕ, ಮಳೆಗಾಲದ ಪತ್ರೊಡೆಗೆಂದು ನಾವು ಎಲೆ ಕೊಯ್ಯುವ ಹಳೆಯ ಕೆಸು ಇತ್ತು. ಸೊಸೆ ಅದರ ಗಡ್ಡೆ ಕಿತ್ತಳು. ನಾನು ಹೇಳಿದೆ, "ಅದು ಎಲೆಯ ಜಾತಿ ಮಾರಾಯ್ತಿ. ಅದರ ಗಡ್ಡೆ ನಾಯಿಯೂ ಮೂಸುದಿಲ್ಲ. ಗಂಟಲು ಹಿಡೀತದೆ."

"ತುರಿಕೆ ಫೋನಿನಲ್ಲಿ ಕಾಣುದಿಲ್ಲ ಅತ್ತೆ" ಎಂದಳು.

ಪರೀಕ್ಷೆಯ ದಿನ ಮೊದಲು ಕಲಬುರಗಿಯವಳು. ಪಾಪದವಳು, ಪುಟ್ಟ ಗಡ್ಡೆಗಳ ಸಿಪ್ಪೆ ತೆಗೆದವಳೇ ನಲ್ಲಿಯ ಕೆಳಗೆ ಹಿಡಿದಳು. ಫೋನಿನಲ್ಲಿದ್ದ ಹೆಂಗಸು ಮುಖ ತಿರುಗಿಸಿದಳು. ಹುಡುಗಿ ಅಳಲಿಕ್ಕೆ ಶುರುಮಾಡಿದಾಗ ಮೇಡಂ, "ಅಳುದು ಹೊರಗೆ. ಬಾಗಿಲು ಎಳ್ಕೊಂಡು ಹೋಗು" ಎಂದಳು.

ಆಮೇಲೆ ನಮ್ಮದು. ಕೈಗೆ ಎಣ್ಣೆ ಹಚ್ಚಿಕೋ ಎಂದು ನಾನು ತುಳುವಿನಲ್ಲಿ ಹೇಳಿದೆ. ಮೇಡಂ ನನ್ನ ಕಡೆ ತಿರುಗಿ, "ಜಿಡ್ಡು ಕೈ ಕಂಡ್ರೆ ಅವಳು ಫೋನ್ ಇಡ್ತಾಳೆ. ಮುದುಕಿ, ನೀನು ಸುಮ್ನಿರು" ಎಂದಳು. ಸೊಸೆ ಒಣ ಕೈಯಲ್ಲೇ ಸಿಪ್ಪೆ ತೆಗೆದಳು, ಬಟ್ಟೆಯಲ್ಲಿ ಒರೆಸಿದಳು, ಅರ್ಧ ಕೊಯ್ದು ಮುರಿದಳು. ಲಟ್ ಲಟ್ ಎಂದು ಮುರಿಯಿತು. ಫೋನಿನವಳು ತಲೆ ಆಡಿಸಿದಳು. ಅಷ್ಟರಲ್ಲಿ ಸೊಸೆಯ ಮಣಿಕಟ್ಟಿನವರೆಗೆ ಕೆಂಪು ಏರಿತ್ತು. ಅವಳು ಕೆರೆದುಕೊಳ್ಳಲಿಲ್ಲ. ಕೆರೆದರೆ ಚರ್ಮರೋಗದವಳು ಎಂದು ಬಿಡುತ್ತಾರೆ. ಆ ಬಿಲ್ಡಿಂಗಿನ ಸೊಸೈಟಿಯವರು ಹಂದಿ ಬೇಯಿಸಲಿಕ್ಕೆ ಬಿಡುವುದಿಲ್ಲ, ಹಾಗಾಗಿ ಕೋಳಿ ಹಾಕಿದಳು. ಬೇಯುವಷ್ಟು ಹೊತ್ತು ಕೈ ಎರಡನ್ನೂ ಸೊಂಟದ ಹಿಂದೆ ಕಟ್ಟಿ ನಿಂತಳು, ಶಾಲೆಯಲ್ಲಿ ಶಿಕ್ಷೆಗೆ ನಿಂತವರ ಹಾಗೆ. ಹಿಂದೆ ಕೂತ ನನಗೆ ಬೆರಳುಗಳು ಊದಿ ಒಂದಕ್ಕೊಂದು ತಾಗುವುದು ಕಾಣುತ್ತಿತ್ತು.

ಅಡಿಗೆ ಇಳಿಸಿದ ಮೇಲೆ ಫೋನಿನವಳು ಏನೋ ಹೇಳಿದಳು. ಮೇಡಂ ಅದನ್ನು ನಮಗೆ ಹೇಳಿದಳು: "ತಿಂದು ತೋರಿಸ್ಬೇಕಂತೆ."

ಅದನ್ನು ನಾವು ಎಣಿಸಿರಲಿಲ್ಲ. ಸೊಸೆ ನನ್ನನ್ನು ನೋಡಲಿಲ್ಲ. ದೊಡ್ಡ ಹೋಳೊಂದನ್ನು ಬಾಯಿಗೆ ಹಾಕಿ, ಅಗಿದು ನುಂಗಿದಳು. ಸ್ವಲ್ಪ ಹೊತ್ತಿಗೆ ಕಣ್ಣಲ್ಲಿ ನೀರು. "ಹಾಟ್, ಮೇಡಂ, ಗುಡ್" ಎಂದು ಫೋನಿನ ಕಡೆ ನಕ್ಕಳು. ನಗುವ ತುಟಿ ಆಗಲೇ ದಪ್ಪವಾಗಿತ್ತು. ಫೋನಿನವಳಿಗೆ ಏನೋ ಸಂಶಯ ಬಂದಿರಬೇಕು. "ಇನ್ನೊಂದು" ಎಂದಳು. ಸೊಸೆ ಇನ್ನೊಂದನ್ನೂ ತಿಂದಳು. ನುಂಗುವಾಗ ಕತ್ತಿನ ನರ ಹಗ್ಗದ ಹಾಗೆ ಎದ್ದಿತು, ಆದರೂ ಕೈ ಗಂಟಲಿಗೆ ಹೋಗಲಿಲ್ಲ.

ಫೋನು ಇಟ್ಟ ಮೇಲೆ ಮೇಡಂ ಹೇಳಿದಳು, "ತಗೊಂಡಳು ನಿನ್ನನ್ನು. ಎಂತ ಹೇಳಿದಳು ಗೊತ್ತುಂಟಾ? ಇವಳು ಸರಿ, ಹೇಳಿದ್ದು ತಿನ್ನುತ್ತಾಳೆ ಅಂತ."

ಸೊಸೆ ಬಚ್ಚಲಿಗೆ ಓಡಿದಳು.

ಟ್ರೇನಿನಲ್ಲಿ, ತುರಿಕೆ ಇಳಿಯಲೆಂದು ಅವಳ ಬಾಯಲ್ಲಿ ಹುಣಸೆ ತುರುಕಿ ಕೂರಿಸಿದೆ. ಎದುರಿನ ಹೆಂಗಸೊಬ್ಬಳು ಹಿಂದಿಯಲ್ಲಿ, ಗಂಡ ಹೊಡೆದನಾ ಎಂದು ಕೇಳಿದಳು. ನಾನು ಹೌದು ಎಂದೆ. ಇಲ್ಲ ಎಂದರೆ ಕಥೆ ಉದ್ದ.

ಮನೆಯಲ್ಲಿ ಮಗ ಆ ಮುಖ ನೋಡಿ ನಕ್ಕ. "ಹೀರೋಯಿನ್ ಬಂದ್ಲು ನೋಡು. ಹೋಗು ಹೋಗು, ಅಲ್ಲಿಯವರೂ ಒದ್ದು ಕಳಿಸ್ತಾರೆ." ಸೊಸೆಯ ನಾಲಿಗೆ ಹೊರಳುತ್ತಿರಲಿಲ್ಲ. ನಾನು ಹೇಳಿದೆ, "ಅಲ್ಲಿ ಯಾರದೋ ಮುದುಕಿಯ ಹೇಲು ತೊಳೀತಾಳೆ. ಇಲ್ಲಿ ನಿನ್ನದು ತೊಳೆಯುದಕ್ಕಿಂತ ಅದು ವಾಸಿ, ಪಗಾರ ಉಂಟು."

ವೀಸಾ ಬಂದ ಮೇಲೆ ಒಂದು ಬೆಳಿಗ್ಗೆ ಹೋದಳು. ನನ್ನ ಕಾಲಿಗೆ ಬೀಳಲಿಲ್ಲ, ಬೀಳುವ ಕಾರಣವೂ ಇರಲಿಲ್ಲ. ಮಗ ಠಾಕುರ್ಲಿಯಲ್ಲಿದ್ದ. ರಿಕ್ಷಾ ಹತ್ತುವಾಗ ಅವಳು ಕರಿಮಣಿ ಬಿಚ್ಚಿ ನನ್ನ ಕೈಗೆ ಕೊಟ್ಟು, "ಅವಳಿಗೆ ಕೊಡಿ" ಎಂದಳು. ಠಾಕುರ್ಲಿಯವಳಿಗೆ ಯಾಕೆ? ಅದರ ತಾಳಿಯಲ್ಲಿ ಇದ್ದ ಚೂರು ಚಿನ್ನ ನನ್ನದೇ ಬಳೆ ಕರಗಿಸಿ ಮಾಡಿಸಿದ್ದು. ಡೊಂಬಿವಲಿಯ ಅಂಗಡಿಯಲ್ಲಿ ಮಾರಿ ಹಲ್ಲು ಕಟ್ಟಿಸಿಕೊಂಡೆ.