ಚಿಲಕವಿಲ್ಲದ ಮನೆ

ಕೀಲಿ ಮಾಮನ ಅಂಗಡಿ ಅಂಗಡಿಯೇನಲ್ಲ, ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಸಂದು. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು. ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ಹಲ್ಲು ಕೊರೆಯದ ಕೀಲಿಗಳು. ಮೂಲೆಯಲ್ಲೊಂದು ಕೀಲಿ ಕೊರೆಯುವ ಮಿಷನ್ ಇದೆ, ಆದರೆ ಮಾಮನಿಗೂ ಅದಕ್ಕೂ ಅಷ್ಟಕ್ಕಷ್ಟೇ. ಅರ ಹಿಡಿದು ನಾಲ್ಕು ಸಲ ಎಳೆದು, ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿ, ಮತ್ತೆರಡು ಸಲ ಎಳೆದರೆ ಕೀಲಿ ಸಿದ್ಧ. ಕೀಲಿಯನ್ನು ಮನೆಯೊಳಗೇ ಬಿಟ್ಟು ಬಾಗಿಲೆಳೆದುಕೊಂಡವರು, ಗಾಡಿ ಕೀಲಿ ಚರಂಡಿಗೆ ಬೀಳಿಸಿದವರು, ಎಲ್ಲರೂ ಕೊನೆಗೆ ಬಂದು ತಲೆ ಕೆರೆದುಕೊಳ್ಳುತ್ತ ನಿಲ್ಲುವುದು ಅಲ್ಲೇ. ಮಾಮ ಬೈದುಕೊಂಡೇ ಏಳುತ್ತಾನೆ, ಬೈದುಕೊಂಡೇ ತೆರೆದುಕೊಡುತ್ತಾನೆ. ಆ ಬೈಗುಳದಲ್ಲಿ ಯಾರಿಗೂ ಬೇಜಾರಾದದ್ದಿಲ್ಲ.

ಒಂದು ಕೆಲಸ ಮಾತ್ರ ಸುತಾರಾಂ ಒಪ್ಪುವುದಿಲ್ಲ. "ಬಾಗಿಲಿಗೊಂದು ಚಿಲಕ ಹಾಕಿಕೊಡು ಮಾಮ" ಎಂದರೆ ಸಾಕು, ಮುಖ ಗಂಟು ಹಾಕಿಕೊಳ್ಳುತ್ತಾನೆ.

"ಅದಕ್ಕೆ ಬಡಗಿ ಇದಾನೆ. ಅಲ್ಲಿಗೆ ಹೋಗು."

ಅವನ ಮನೆಯಲ್ಲೂ ಅಷ್ಟೇ. ಮುಂಬಾಗಿಲಿಗೆ ಒಳ್ಳೆಯ ಬೀಗವಿದೆ, ಒಳಗಿನ ಒಂದು ಬಾಗಿಲಿಗೂ ಚಿಲಕವಿಲ್ಲ. ಆರು ವರ್ಷದ ಹಿಂದೆ ಮಾಮನೇ ಎಲ್ಲವನ್ನೂ ಬಿಚ್ಚಿ, ಸ್ಕ್ರೂ ಇದ್ದ ತೂತುಗಳಿಗೆ ಪುಟ್ಟಿ ತುಂಬಿ, ಮೇಲೆ ಬಣ್ಣ ಹೊಡೆದಿದ್ದ. ಆ ವಾರವೇ ಅವನ ಹೆಂಡತಿ ಬಚ್ಚಲುಮನೆಯಲ್ಲಿ ಬಿದ್ದು ತೀರಿಕೊಂಡಿದ್ದಳು. ಒಳಗಿನಿಂದ ಚಿಲಕ ಹಾಕಿತ್ತು. ಊರಿನ ಬೀಗವನ್ನೆಲ್ಲ ಎರಡು ನಿಮಿಷದಲ್ಲಿ ತೆರೆಯುವವನು ತನ್ನ ಮನೆಯ ಬಾಗಿಲನ್ನು ಹೆಗಲಿನಿಂದ ಗುದ್ದಿ ಗುದ್ದಿ ಮುರಿಯುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು. ಚಿಲಕಕ್ಕೆ ಹೊರಗಿನಿಂದ ಕೀಲಿ ತೂರಿಸಲು ಜಾಗ ಎಲ್ಲಿರುತ್ತದೆ, ನೀವೇ ಹೇಳಿ.

ಅಂದಿನಿಂದ ಮನೆಗೊಂದು ಕಾನೂನು ಬಂತು. ಬಚ್ಚಲಿಗೆ ಹೋದವರು ಬಾಗಿಲು ಮುಂದೆ ಮಾಡಿಕೊಂಡು ಏನಾದರೂ ಮಾತಾಡುತ್ತಲೇ ಇರಬೇಕು. ನೀರಿನ ಸದ್ದು ಲೆಕ್ಕಕ್ಕಿಲ್ಲ, ಮನುಷ್ಯರ ದನಿಯೇ ಕೇಳಬೇಕು. ಮಗ ಒಳಗೆ ಮಗ್ಗಿ ಹೇಳುತ್ತಿದ್ದ. ಓದಿ ಕೆಲಸಕ್ಕೆ ಸೇರಿದ ಆಳು, ಮೈಗೆ ಸೋಪು ಹಚ್ಚಿಕೊಂಡು ಹದಿನೇಳು ಒಂದ್ಲಿ ಹದಿನೇಳು ಎನ್ನುತ್ತ ನಿಂತಿರುತ್ತಿದ್ದ. ಮಾಮನ ಅಕ್ಕ ಬಂದಾಗ ಮಾತ್ರ ತಾಪತ್ರಯವೇ ಇಲ್ಲ. ಆಕೆಯ ಬಾಯಿ ಒಳಗೂ ಹೊರಗೂ ಒಂದೇ ಸಮ, ನಿಲ್ಲಿಸುವುದೇ ಕಷ್ಟ.

ಹೀಗೆ ಅಪ್ಪ ಮಗ ಇಬ್ಬರೇ ಐದು ವರ್ಷ ದೂಡಿದರು. ಊಟಕ್ಕೆ ಕೂತರೆ ತಟ್ಟೆಯ ಸದ್ದು ಬಿಟ್ಟು ಇನ್ನೊಂದು ಸದ್ದಿಲ್ಲ. ಆ ಮನೆಗೆ ಸೊಸೆ ಬಂದಳು. ಬಸ್ ಕಂಡಕ್ಟರ್. ಗಂಟಲು ಹೇಗಿತ್ತೆಂದರೆ, ಅವಳು ಮೆಲ್ಲಗೆ ಮಾತಾಡಿದರೆ ಪಕ್ಕದ ಮನೆಯವರು "ಏನಂದ್ರಿ?" ಎಂದು ಕೇಳುತ್ತಿದ್ದರು, ಅಂದರೆ ಅರ್ಧವಾದರೂ ಕೇಳಿಸಿರುತ್ತಿತ್ತು. ಬಚ್ಚಲ ಕಾನೂನು ಕೇಳಿ ಅವಳು ಮುಖ ಸಿಂಡರಿಸಲಿಲ್ಲ, ನಕ್ಕುಬಿಟ್ಟಳು. ಮರುದಿನ ಒಳಗೆ ಹೋದವಳೇ ಬಸ್ ಹೊರಡಿಸಿದಳು.

"ಮಾರ್ಕೆಟ್, ಮಾರ್ಕೆಟ್! ಸೇತುವೆ ಇಳಿಯೋರು ಮುಂದೆ ಬನ್ನಿ! ಕೋರ್ಟ್, ಕೋರ್ಟ್!"

ಮಾಮ ಹೊರಗೆ ಕುರ್ಚಿಯಲ್ಲಿ ಕೂತು ಸ್ಟಾಪು ಎಣಿಸುತ್ತಿದ್ದ. "ಆಸ್ಪತ್ರೆ ಬಿಟ್ಟು ಹೋಯ್ತಲ್ಲಮ್ಮಾ!"

"ಅಲ್ಲಿ ಇಳಿಯೋರು ಯಾರೂ ಇಲ್ಲ ಮಾವ, ರೈಟ್ ರೈಟ್!"

ಮಾಮ ಬಿದ್ದು ಬಿದ್ದು ನಗುತ್ತಿದ್ದ. ಅಪ್ಪ ನಗುವುದನ್ನು ನೋಡಿ ಮಗನಿಗೆ ನಂಬಿಕೆಯೇ ಬರುತ್ತಿರಲಿಲ್ಲ. ಸೊಸೆಯೆಂದರೆ ಮಾಮನಿಗೆ ಪಂಚಪ್ರಾಣವಾಯಿತು.

ಆದರೆ ಎಷ್ಟು ದಿನ ಅಂತ ಕೂಗುವುದು? ಒಂದು ಬೆಳಿಗ್ಗೆ, ಹಿಂದಿನ ದಿನ ಎರಡು ಪಾಳಿ ದುಡಿದು ಬಂದಿದ್ದ ಹುಡುಗಿ, ಬಿಸಿನೀರು ಬೆನ್ನಿಗೆ ಬಿದ್ದದ್ದೇ ಸುಖವಾಗಿ, ಸುಮ್ಮನೆ ಕಣ್ಣು ಮುಚ್ಚಿ ಕೂತುಬಿಟ್ಟಳು. ಹೊರಗೆ ಮಾಮ "ಅಮ್ಮಾ" ಎಂದ. ಇನ್ನೊಮ್ಮೆ "ಅಮ್ಮಾ" ಎಂದ. ಬರೀ ನೀರಿನ ಸದ್ದು. ಬುದ್ಧಿ ಓಡುವ ಮೊದಲೇ ಕೈ ಬಾಗಿಲನ್ನು ನೂಕಿತ್ತು. ಗೇಣಗಲ ತೆರೆದಿತ್ತೋ ಇಲ್ಲವೋ, ಒಳಗಿನಿಂದ ಕಿರುಚಿದ ಸದ್ದು, ಬಾಗಿಲು ದಬ್ಬೆಂದು ಮುಚ್ಚಿದ ಸದ್ದು. ಮಾಮ ಅಲ್ಲೇ ಗೋಡೆಗೆ ಮುಖ ಮಾಡಿ ನಿಂತ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವನಿಗೆ.

ಸಂಜೆ ಸೊಸೆ ಗಂಡನ ಮುಂದೆ ಒಂದು ಚೀಲ ತುಂಬಿಕೊಂಡಳು. ಕೂಗಾಡಲಿಲ್ಲ. ಮಾಮ ಪಕ್ಕದ ಕೋಣೆಯಲ್ಲಿದ್ದ. ಚಿಲಕವಿಲ್ಲದ ಮನೆಯಲ್ಲಿ ಕೇಳಿಸದೆ ಇರುವುದೇನಿದೆ?

"ಮಾವನ ಮೇಲೆ ನಂಗೆ ಸಿಟ್ಟಿಲ್ಲ. ನನ್ನ ಜೀವಕ್ಕೆ ಅಷ್ಟು ಹೆದರ್ತಾರೆ, ಗೊತ್ತು. ಆದ್ರೆ ಬದುಕಿದೀನಿ ಬದುಕಿದೀನಿ ಅಂತ ದಿನಾ ಕೂಗಿ ಹೇಳೋಕಾಗಲ್ಲ ರೀ. ಚಿಲಕ ಬಂದ ದಿನ ನಾನೂ ಬರ್ತೀನಿ."

ಅವಳು ತವರಿಗೆ ಹೋದಳು. ಮನೆ ಮತ್ತೆ ತಟ್ಟೆಯ ಸದ್ದಿಗೆ ಬಂತು. ಮೂರನೆಯ ದಿನ ಮಗ, "ನಾನೇ ಒಂದು ಚಿಲಕ ತಂದು ಹಾಕ್ತೀನಿ ಅಪ್ಪ" ಎಂದ.

"ನಾನಿರೋ ಮನೇಲಿ ಬೇಡ."

ಮಗ ಅನ್ನ ಕಲಸುವುದನ್ನು ನಿಲ್ಲಿಸಿದ. ಅಪ್ಪನಿಗೆ ಎದುರು ಮಾತಾಡಿ ಗೊತ್ತಿಲ್ಲದವನು. "ಹಾಗಾದ್ರೆ ನಾವು ಬೇರೆ ಮನೆ ನೋಡ್ಕೋತೀವಿ" ಎಂದು ಹೇಳಿ, ತಟ್ಟೆ ಎತ್ತಿಕೊಂಡು ಎದ್ದುಹೋದ. ಮಾಮನಿಗೆ ತನ್ನವರೆಂದು ಮನೆಯಲ್ಲಿ ಉಳಿದಿದ್ದವರು ಆ ಇಬ್ಬರೇ.

ಐದನೆಯ ದಿನ ಮಟಮಟ ಮಧ್ಯಾಹ್ನ ಅಂಗಡಿ ಮುಚ್ಚಿ ಮಾಮ ಸೊಸೆಯ ಬಸ್ ಹತ್ತಿದ. ಅವಳು ಟಿಕೆಟ್ ಹರಿಯುತ್ತ ಬಂದವಳು ಅವನನ್ನು ಕಂಡು ಒಂದು ಗಳಿಗೆ ನಿಂತಳು.

"ಎಲ್ಲಿಗೆ ಮಾವ?"

"ನೀನು ಎಲ್ಲೀವರೆಗೆ ಹೋಗ್ತೀಯೋ ಅಲ್ಲೀವರೆಗೆ."

ಕೊನೆಯ ಸ್ಟಾಪಿನಲ್ಲಿ ಜನ ಇಳಿದರು, ಡ್ರೈವರ್ ಟೀ ಕುಡಿಯಲು ಹೋದ. ಬಸ್ ಹೊರಡಲು ಇಪ್ಪತ್ತು ನಿಮಿಷವಿತ್ತು. ಸೊಸೆ ಎದುರು ಸೀಟಿನಲ್ಲಿ ಕೂತಳು. ಮಾಮ ಕಿಟಕಿಯ ಸರಳು ಹಿಡಿದುಕೊಂಡು, ಅವಳ ಮುಖ ನೋಡದೆ, ಆರು ವರ್ಷದಿಂದ ಯಾರಿಗೂ ಹೇಳದಿದ್ದುದನ್ನು ಹೇಳಿದ.

"ಆ ಚಿಲಕ ಒಂದು ತಿಂಗಳಿಂದ ಸಿಕ್ಕಾಕ್ಕೊಳ್ತಿತ್ತಮ್ಮ. ನಿಮ್ಮತ್ತೆ ದಿನಾ ಹೇಳೋಳು, ಸ್ವಲ್ಪ ನೋಡ್ರೀ, ಸ್ವಲ್ಪ ನೋಡ್ರೀ ಅಂತ. ಹತ್ತು ನಿಮಿಷದ ಕೆಲಸ. ಬಿಚ್ಚಿ, ಅರ ಆಡಿಸಿ, ಎರಡು ತೊಟ್ಟು ಎಣ್ಣೆ ಬಿಟ್ಟಿದ್ರೆ ಆಗ್ತಿತ್ತು. ನಾನು ನಾಳೆ ಅಂದೆ. ದಿನಾ ನಾಳೆ ಅಂದೆ. ಅವತ್ತು ಒಳಗಿಂದ ಚಿಲಕ ಎಳೆಯೋ ಸದ್ದು ಕೇಳಿಸ್ತು ನಂಗೆ. ಬಿದ್ದ ಮೇಲೂ ತೆವಳ್ಕೊಂಡು ಬಂದು ಎಳೀತಿದ್ಲು. ಅದು ಬರ್ಲಿಲ್ಲ."

ಮಾಮ ಕಿಟಕಿಯ ಕಡೆಗೇ ತಿರುಗಿ ಮುಂದುವರಿಸಿದ.

"ಡಾಕ್ಟ್ರು ಏನೇನೋ ಸಮಾಧಾನ ಹೇಳಿದ್ರು. ಬಾಗಿಲು ತೆಗೆದಿದ್ರೂ ಉಳೀತಿರಲಿಲ್ಲ ಅಂದ್ರು. ಇರಬಹುದು. ನಂಗೆ ಗೊತ್ತಿರೋದು ಆ ಸದ್ದು ಒಂದೇ. ಕೊಂದೋನು ನಾನೇ ಅಮ್ಮ."

ಸೊಸೆ "ಛೇ, ಬಿಡಿ ಮಾವ" ಎನ್ನಲಿಲ್ಲ. ಅವಳು ದಿನಕ್ಕೆ ಸಾವಿರ ಮುಖ ನೋಡುವವಳು, ಯಾವ ಮಾತು ಎಲ್ಲಿ ಸಲ್ಲುತ್ತದೆಂದು ಬಲ್ಲವಳು. ಕೇಳಿದಳು:

"ನೀವು ರಿಪೇರಿ ಮಾಡ್ಲಿಲ್ಲ, ನಿಜ. ನಾನು ಅಲ್ಲ ಅನ್ನಲ್ಲ. ಅವತ್ತು ಬೆಳಿಗ್ಗೆ ಅತ್ತೆ ನಿಮ್ಮ ಮೇಲೆ ಸಿಟ್ಟು ಮಾಡ್ಕೊಂಡಿದ್ರಾ?"

"ಅವಳಾ?" ಮಾಮ ಮೊದಲ ಸಲ ಅವಳ ಕಡೆ ತಿರುಗಿದ. "ಟವೆಲ್ ಹೆಗಲಿಗೆ ಹಾಕ್ಕೊಂಡು ನಗ್ತಾ ಹೋದ್ಲು. ಊರೋರ ಸರದಿ ಎಲ್ಲ ಮುಗೀಲಿ, ಆಮೇಲೆ ನಮ್ಮನೆ ಚಿಲಕ ನೋಡೋರಂತೆ ಸಾಹೇಬ್ರು ಅಂದ್ಲು."

"ನಗ್ತಾ ಹೋದೋರನ್ನ ಆರು ವರ್ಷದಿಂದ ಕೋಪ ಮಾಡ್ಕೊಂಡೋರ ಥರ ಮನಸ್ಸಲ್ಲಿ ಇಟ್ಕೊಂಡಿದೀರಲ್ಲ ಮಾವ. ಪಾಪ, ಅವರಿಗೆ ಅನ್ಯಾಯ ಅಲ್ವಾ?"

ಡ್ರೈವರ್ ಬಂದ, ಜನ ಹತ್ತಿದರು. ವಾಪಸು ಬರುವ ದಾರಿಯುದ್ದಕ್ಕೂ ಮಾಮ ಕಿಟಕಿಯಾಚೆ ನೋಡುತ್ತಲೇ ಕೂತಿದ್ದ. ಆಗಾಗ ತಲೆ ಅಲ್ಲಾಡಿಸುತ್ತಿದ್ದ. ಇಳಿಯುವಾಗ ಮಾತ್ರ, "ಭಾನುವಾರ ಬಾ" ಎಂದ.

ಭಾನುವಾರ ಬೆಳಿಗ್ಗೆ ಬಚ್ಚಲ ಬಾಗಿಲ ಮುಂದೆ ಮಾಮ ಮಂಡಿಯೂರಿ ಕೂತ. ಪುಟ್ಟಿ ತುಂಬಿದ ತೂತುಗಳನ್ನು ಹುಡುಕಿ ಕೆರೆದ. ಚಿಲಕಕ್ಕೆ ಎಣ್ಣೆ ಬಿಟ್ಟು ನಲವತ್ತು ಸಲ ಎಳೆದು ನೋಡಿದ, ಬೆಣ್ಣೆಯಲ್ಲಿ ಆಡಿಸಿದ ಹಾಗೆ ಆಡುತ್ತಿತ್ತು. ಹೊರಗಿನಿಂದಲೂ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ತೆರೆಯುವಂತೆ ಬಾಗಿಲಿಗೊಂದು ಸಣ್ಣ ಸೀಳು ಮಾಡಿ ಒಳಗೆ ತಿರುಗಣೆ ಕೂರಿಸಿದ್ದ. ಇಂಥದ್ದು ಅವನಿಗೆ ಎಂದೋ ಹೊಳೆಯಬಹುದಿತ್ತು, ಹೊಳೆಯಲು ಅವನು ಬಿಟ್ಟಿರಲಿಲ್ಲ. ಊರೆಲ್ಲ ಮೆಚ್ಚಿದ ಕೈಯಿಂದ ಅಂದು ಮೂರು ಸಲ ಸ್ಕ್ರೂ ಕೆಳಗೆ ಬಿತ್ತು. ಮೂರು ಸಲವೂ ಮಗ ಹೆಕ್ಕಿಕೊಟ್ಟ.

ಸೊಸೆ ಚೀಲದೊಂದಿಗೆ ಬಂದು ನೋಡಿದಳು. ಕೈಯಾರೆ ಒಮ್ಮೆ ಎಳೆದಳು. ಆಮೇಲೆ ಟವೆಲ್ ತಂದು ಮಾಮನ ಕೈಗಿಟ್ಟಳು.

"ಮೊದಲು ನೀವು ಹೋಗಿ ಮಾವ."

"ನಾನ್ಯಾಕೆ? ಬೇಕು ಅಂದೋಳು ನೀನು!"

"ಹಾಕಿದೋರು ನೀವು. ನೀವು ಹೋಗ್ದೆ ನಾನು ಹೋಗಲ್ಲ. ಹ್ಞೂಂ, ಒಳಗೆ ನಡೀರಿ, ಬಾಗಿಲಲ್ಲಿ ನಿಲ್ಬೇಡಿ."

ಮಾಮ ಒಳಗೆ ಹೋದ. ಬಾಗಿಲು ಮುಚ್ಚಿ, ಕಣ್ಣೂ ಮುಚ್ಚಿ, ಚಿಲಕ ಎಳೆದ. ಹೆದರಿಕೆ ಬರುತ್ತದೆಂದು ಕಾದ. ನಲ್ಲಿಯ ಪಕ್ಕದ ಆ ಮೂಲೆಯನ್ನು ನೋಡಿದ, ಅವಳು ಬಿದ್ದಿದ್ದ ಮೂಲೆಯನ್ನು. ಹೆದರಿಕೆ ಬರಲಿಲ್ಲ, ಅಳು ಬಂತು. ಮಣೆಯ ಮೇಲೆ ಕುಸಿದು, ಟವೆಲಿನಲ್ಲಿ ಮುಖ ಹುದುಗಿಸಿ, ಮಕ್ಕಳ ಹಾಗೆ ಅತ್ತ. ಅವಳು ಸತ್ತ ಮೇಲೆ ಅವನು ಒಂದು ಸಲವೂ ಅತ್ತಿರಲಿಲ್ಲ. ಎಲ್ಲಿ ಅಳಬೇಕಿತ್ತು? ಅಂಗಡಿಯಲ್ಲಿ ಸದಾ ಜನ. ಮನೆಯಲ್ಲಿ ಚಿಲಕ ಹಾಕಿಕೊಳ್ಳುವ ಬಾಗಿಲೇ ಇಲ್ಲ, ಅಪ್ಪ ಅತ್ತರೆ ಮಗ ಕುಸಿದುಹೋದಾನೆಂಬ ಭಯ. ಈಗ ಹೆಂಡತಿಯ ನಗುಮುಖ ನೆನಪಾಯಿತು, ಆ ಟವೆಲ್, ಆ ಕುಚೇಷ್ಟೆಯ ಮಾತು. ಅತ್ತ, ಮತ್ತೂ ಅತ್ತ. ಹೊರಗಿನಿಂದ ಯಾರೂ ಕರೆಯಲಿಲ್ಲ, ಬಾಗಿಲು ತಟ್ಟಲಿಲ್ಲ.

ಬಹಳ ಹೊತ್ತಿನ ಮೇಲೆ ಸ್ನಾನ ಮಾಡಿ ಹೊರಗೆ ಬಂದ. ಕಣ್ಣು ಕೆಂಪಗಾಗಿದ್ದರೂ ಮುಖ ಹಗುರವಾಗಿತ್ತು. ಮಗ ಅಪ್ಪನ ಮುಖವನ್ನು ಒಮ್ಮೆ ನೋಡಿ, ಸರಕ್ಕನೆ ಒಳಗೆ ಹೋಗಿ ಚಿಲಕ ಹಾಕಿಕೊಂಡ.

ಹೊರಗೆ ಇಬ್ಬರೂ ನಿಂತರು. ಒಳಗೆ ಮಾತಿಲ್ಲ, ನೀರಿನ ಸದ್ದೂ ಇಲ್ಲ. ಐದು ನಿಮಿಷವಾಯಿತು. ಆಮೇಲೆ ಬಿಕ್ಕುವ ಸದ್ದು, ಅದರ ನಡುವೆ ಒಂದೇ ಒಂದು ಸಲ, "ಅಮ್ಮಾ."

ಸೊಸೆಗೆ ತಡೆಯಲಾಗಲಿಲ್ಲ. ಬಾಗಿಲು ತಟ್ಟಲೆಂದು ಮುಂದೆ ಬಂದಳು. ಮಾಮ ಅವಳ ಕೈ ಹಿಡಿದು ತಡೆದ.

"ಬೇಡಮ್ಮ, ಇರಲಿ ಬಿಡು. ನಿಧಾನವಾಗಿ ಬರಲಿ."