ಹೀರಾಬಾಯಿಯ ಸವತಿ

ವಾಡಿಯ ನಮ್ಮ ಕ್ವಾರ್ಟರ್ಸ್ ಸಾಲಿನಲ್ಲಿ ಹೀರಾಬಾಯಿಯ ಸವತಿಯನ್ನು ಕಾಣದವರಿಲ್ಲ. ನೂರು ಟನ್ನಿಗೂ ಮೀರಿದ ಮೈ, ಉದ್ದನೆಯ ಮೂತಿ, ಉಸಿರು ಬಿಟ್ಟರೆ ಕರಿ ಹೊಗೆ. ಹೀರಾಬಾಯಿಯ ಗಂಡ ದೇವೀಂದ್ರಪ್ಪ ಸಿಮೆಂಟ್ ಕಾರ್ಖಾನೆಯ ಸೈಡಿಂಗಿನಲ್ಲಿ, ಅಂದರೆ ಕಾರ್ಖಾನೆಯ ಸ್ವಂತ ಹಳಿಗಳ ಮೇಲೆ, ಓಡಿಸುವ ಹಳೆಯ ಡೀಸೆಲ್ ಎಂಜಿನ್ ಅದು. ಅಮೆರಿಕದ ಆಲ್ಕೋ ಕಂಪನಿಯ ವಿನ್ಯಾಸ. ಅರವತ್ತರ ದಶಕದಲ್ಲಿ ಬಂದು, ಆಮೇಲೆ ಕಾಶಿಯ ರೈಲ್ವೆ ಕಾರ್ಖಾನೆಯಲ್ಲೇ ಕಟ್ಟಿಸಿಕೊಂಡು ದೇಶವೆಲ್ಲ ಓಡಾಡಿದ ಮಾದರಿ. ರೈಲ್ವೆಯವರು ಸಾಕೆಂದು ಬಿಟ್ಟದ್ದನ್ನು ಕಾರ್ಖಾನೆ ಕೊಂಡಿತ್ತು.

ಊಟಕ್ಕೆ ಕೂತರೂ ದೇವೀಂದ್ರಪ್ಪನ ಕಿವಿ ಸೈಡಿಂಗಿನ ಕಡೆಗೇ.

"ಯಾಕೋ ಆಕಿ ಉಸಿರು ಎಳೀಲಿಕತ್ತಾಳ."

ಹೀರಾಬಾಯಿ ರೊಟ್ಟಿಯನ್ನು ತಾಟಿಗೆ ಕುಕ್ಕುತ್ತಿದ್ದಳು. "ನನಗ ಜ್ವರ ಬಂದಾಗ ಹಿಂಗ ಕೇಳೀರೇನ್ರಿ?"

"ಆಕಿ ದೂರದಾಕಿ. ನೀ ಇಲ್ಲೇ ಶಹಾಬಾದದಾಕಿ."

ಈ ಎಂಜಿನ್ನಿನ ಸ್ವಭಾವವೇ ಒಂದು ತರಹ. ಇಲ್ಲಿ ಡೀಸೆಲ್ ಯಂತ್ರ ನೇರವಾಗಿ ಗಾಲಿ ತಿರುಗಿಸುವುದಿಲ್ಲ. ಅದು ಜನರೇಟರನ್ನು ತಿರುಗಿಸುತ್ತದೆ, ಆ ಕರೆಂಟಿನಿಂದ ಗಾಲಿಗಳ ಮೋಟಾರುಗಳು ತಿರುಗುತ್ತವೆ. ಚಾಲೂ ಮಾಡುವಾಗ ಮಾತ್ರ ಎಲ್ಲ ಉಲ್ಟಾ. ಬ್ಯಾಟರಿಯ ಬಲದಿಂದ ಅದೇ ಜನರೇಟರು ಮೊದಲು ಯಂತ್ರವನ್ನು ತಿರುಗಿಸಿ ಎಬ್ಬಿಸಬೇಕು. ಬ್ಯಾಟರಿ ಸೋತರೆ ಅಷ್ಟೂ ಕಬ್ಬಿಣ ಹೆಣ. ಇದರ ಬ್ಯಾಟರಿಗೋ ಮುಪ್ಪು ಬಂದಿತ್ತು. ಅದಕ್ಕೇ ದೇವೀಂದ್ರಪ್ಪ ಕೆಲಸವಿಲ್ಲದಾಗಲೂ ಅದನ್ನು ಬಂದ್ ಮಾಡುತ್ತಿರಲಿಲ್ಲ. ಅದರ ಗಡಗಡ ಕೇಳುತ್ತಲೇ ನಮ್ಮ ಸಾಲಿನ ಕೂಸುಗಳು ತೊಟ್ಟಿಲಲ್ಲಿ ಮಲಗುತ್ತಿದ್ದವು.

ಈ ಸಲದ ಆಯುಧಪೂಜೆಗೆ ಹೀರಾಬಾಯಿ ಎಂದಿನಂತೆ ಎಂಜಿನ್ನಿಗೆ ಕುಂಕುಮ ಹಚ್ಚಿ ಚೆಂಡುಹೂವಿನ ಹಾರ ಹಾಕಿದಳು. ಆಮೇಲೆ ಅವಳಿಗೇನು ಕರುಣೆ ಬಂತೋ.

"ಕುಡಗೋಲು ಮಲಗ್ಯದ, ನನ್ನ ಈಳಿಗಿ ಮಲಗ್ಯದ. ಈಕಿಗೊಂದು ದಿನ ರಜಾ ಬ್ಯಾಡೇನ್ರಿ?"

ಹೆಂಡತಿ ಸವತಿಯ ಪರ ಮಾತಾಡಿದ್ದು ಅದೇ ಮೊದಲು. ದೇವೀಂದ್ರಪ್ಪ ಕರಗಿಹೋದ. ತಿಳಿದೂ ತಿಳಿದೂ ಎಂಜಿನ್ ಬಂದ್ ಮಾಡಿದ. ಗಡಗಡ ನಿಂತದ್ದೇ ತಡ, ಸಾಲಿನವರೆಲ್ಲ ಗಾಬರಿಯಾಗಿ ಬಾಗಿಲಿಗೆ ಬಂದೆವು.

ಮರುದಿನ ವಿಜಯದಶಮಿ. ಲೋಡ್ ಮಾಡಲು ವ್ಯಾಗನ್‌ಗಳು ಬಂದು ನಿಂತಿದ್ದವು. ದೇವೀಂದ್ರಪ್ಪ ಬಟನ್ ಒತ್ತಿದರೆ ಎಂಜಿನ್ ಒಮ್ಮೆ ನರಳಿ ಸುಮ್ಮನಾಯಿತು. ಕಾರ್ಖಾನೆಯ ಸಾಹೇಬರು ಬಂದು ನೋಡಿದರು.

"ಇವತ್ತ ಎದ್ದರ ಸರಿ. ಇಲ್ಲಂದ್ರ ನಾಳಿಗಿ ಗುಜರಿಯವರಿಗೆ ಹೇಳ್ತೀನಿ. ಗ್ಯಾಸ್ ಕಟರ್ ತಂದು ತುಂಡು ಮಾಡಿ ಒಯ್ಯಲಿ."

ದೇವೀಂದ್ರಪ್ಪ ಎಂಜಿನ್ನಿನ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತುಬಿಟ್ಟ. ಹೆಂಡತಿಯನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಅವಳ ಎದೆ ಹಗುರಾಗುತ್ತಿತ್ತು. ಅವಳು ಹಬ್ಬದ ಹೊಸ ಸೀರೆಯಲ್ಲೇ ಕಾರ್ಖಾನೆ ಗೇಟಿನ ಮುಂದಿನ ಲಾರಿ ಸಾಲಿಗೆ ಹೋದಳು.

"ತಮ್ಮಗೋಳ್ಯಾ, ಆಕಿನ್ನ ಮಲಗಿಸಿದಾಕಿ ನಾನು. ನಿಮ್ಮ ಬ್ಯಾಟರಿ ಒಂದು ತಾಸು ಕೊಡ್ರಿ."

ಕಾಳಗಿಯ ಲಾರಿ ಡ್ರೈವರ್ ಸಂಗಣ್ಣ ಅನುಮಾನಿಸಿದ. "ನಿನ್ನೆರ ಪೂಜಿ ಮಾಡೀನಿ ಯಕ್ಕಾ. ಇನ್ನಾ ಕುಂಕುಮ ಆರಿಲ್ಲ."

"ಆಕಿದೂ ಆರಿಲ್ಲಪ್ಪ."

ಸಂಗಣ್ಣ ಪಾನಾ ತೆಗೆದು ಬ್ಯಾಟರಿಯ ನಟ್ಟು ಬಿಚ್ಚಿದ. ಅವನನ್ನು ನೋಡಿ ಉಳಿದವರೂ ಬಿಚ್ಚಿದರು. ಆರು ಲಾರಿಗಳ ಬ್ಯಾಟರಿ, ಕುಂಕುಮ ಸಮೇತ, ಒಂದಕ್ಕೊಂದು ತಂತಿ ಜೋಡಿಸಿ ಎಂಜಿನ್ನಿಗೆ ಕೊಟ್ಟರು. ದೇವೀಂದ್ರಪ್ಪ ಹೀರಾಬಾಯಿಯನ್ನು ಎಂಜಿನ್ ಹತ್ತಿಸಿ ಬಟನ್ನಿನ ಮುಂದೆ ನಿಲ್ಲಿಸಿದ.

"ನೀನೇ ಮಲಗಿಸೀದಿ, ನೀನೇ ಎಬ್ಬಸು."

ತಾನು ಹಿಂದಿನ ಯಂತ್ರದ ಕೋಣೆಗೆ ಹೋಗಿ ಡೀಸೆಲ್ ಬಿಡುವ ದಂಡವನ್ನು ಕೈಯಿಂದಲೇ ಒತ್ತಿ ಹಿಡಿದ. ಅವಳು ಕಣ್ಣುಮುಚ್ಚಿ ಬಟನ್ ಒತ್ತಿದಳು. ಎಂಜಿನ್ ನರಳಿತು, ಕೆಮ್ಮಿತು, ಮತ್ತೆ ನರಳಿತು. ಆಮೇಲೆ ಗಡಗಡ ಎದ್ದಿತು. ಇಳಿದು ಬಂದವಳ ಹೊಸ ಸೀರೆಯ ತುಂಬ ಮಸಿ. ನನಗಂತೂ ಕಣ್ಣು ತುಂಬಿ ಬಂತು, ಹೊಗೆಯಿಂದಲ್ಲ.

ವ್ಯಾಗನ್‌ಗಳು ಲೋಡಾಗಿ ಹೋದವು. ಸಾಹೇಬರು ಗುಜರಿಯ ಮಾತು ಎತ್ತಲಿಲ್ಲ. ಸಂಜೆ ಎಲ್ಲರೂ ಬನ್ನಿ ಹಂಚುವಾಗ ಹೀರಾಬಾಯಿ ಮೊದಲ ಎಲೆಗಳನ್ನು ಎಂಜಿನ್ನಿನ ಕಿಟಕಿಗೆ ಸಿಕ್ಕಿಸಿ, "ಬನ್ನಿ ತಗೊಂಡು ಬಂಗಾರದಂಗ ಇರೂಣವ್ವಾ" ಅಂದಳು. ಆಮೇಲೆ ಗಂಡನಿಗೆ ಕೊಡಲು ಬಂದಳು.

"ನನಗ ಎರಡನೇದೇನು?" ಎಂದ ದೇವೀಂದ್ರಪ್ಪ.

"ಇಷ್ಟು ವರ್ಷ ನಾ ಎರಡನೇದಾಕಿ ಆಗಿ ಬಾಳೀನಲ್ಲರಿ. ಒಂದು ದಿನ ನೀವೂ ಇರ್ರಿ."